ಬಾಗಿಲಾಚೆ ಬಿಟ್ಟ ಚಪ್ಪಲಿ

ಅಮದಾವಾದ
೨೨ ನವೆಂಬರ್ ೧೯೮೮

ಪ್ರೀತಿಯ ಕುಂದನ್,

ತಂಗೀ, ನೀನು ಕಳಿಸಿದ ಗಾಂಠಿಯಾ ಡಬ್ಬಿ ತಲುಪಿತು. ಅರ್ಧ ಪುಡಿಯಾಗಿತ್ತು, ಪುಡಿಯನ್ನು ಮೊಸರಿಗೆ ಹಾಕಿ ತಿಂದೆವು. ಭಾವನಗರದಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಇಲ್ಲಿ ಒಂದು ವಿಚಿತ್ರ ನಡೆದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಭಾವ ದೇವಸ್ಥಾನಕ್ಕೆ ಹೋಗುತ್ತಿದ್ದಾರೆ. ಕನ್ನಡಕ ಒರೆಸಿಕೊಳ್ಳಬೇಡ, ನೀನು ಸರಿಯಾಗಿಯೇ ಓದಿದೆ. ಮದುವೆಯಾದ ಹೊಸದರಲ್ಲಿ ಕಾಲುಪುರದ ಮಂದಿರಕ್ಕೆ ಕರೆದುಕೊಂಡು ಹೋದರೆ, 'ನೀನು ಹೋಗಿ ಬಾ, ನಾನು ಬೀಡಿ ಸೇದ್ತೀನಿ' ಎಂದು ಹೊರಗೆ ನಿಂತ ಮನುಷ್ಯ ಇಷ್ಟು ವರ್ಷ ಅಲ್ಲೇ ನಿಂತಿದ್ದರು. ಮಿಲ್ಲಿನಲ್ಲಿದ್ದಾಗ ಅವರ ದೇವರು ಯೂನಿಯನ್ನು. ಮಿಲ್ಲು ಮುಚ್ಚಿದ ಮೇಲೆ ಆ ದೇವರೂ ಹೋಯಿತು. ಈಗ ಇದ್ದಕ್ಕಿದ್ದಂತೆ ಬೆಳಿಗ್ಗೆ ಚಹಾ ಕುಡಿದು, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಒಂದು ದಿನ ಭದ್ರಕಾಳಿ ಗುಡಿ, ಒಂದು ದಿನ ಹಠೀಸಿಂಗರ ಜೈನ ಬಸದಿ. ಅದು ಹೋಗಲಿ, ಜಾಮಾ ಮಸೀದಿಗೂ ಹೋದರಂತೆ, ರಾಣಿ ಸಿಪ್ರಿಯ ಮಸೀದಿಗೂ ಹೋದರಂತೆ.

"ಇದೇನ್ರೀ ಹೊಸ ಹುಚ್ಚು?" ಅಂತ ಕೇಳಿದೆ.

"ಹುಟ್ಟಿದ್ದು ಇದೇ ಊರಲ್ಲಿ. ಒಂದನ್ನೂ ಕಣ್ಣಾರೆ ನೋಡಿಲ್ಲ. ಪರದೇಶದವರು ಬಂದು ನೋಡ್ಕೊಂಡು ಹೋಗ್ತಾರೆ, ನಾನು ನೋಡಬಾರದಾ?" ಅಂದರು.

ಉತ್ತರವೇನೋ ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ನನಗೆ ಅನುಮಾನ ಬಂತು. ನಿನ್ನ ಭಾವ ಯಾವತ್ತು ಸಿದ್ಧ ಉತ್ತರ ಕೊಟ್ಟಿದ್ದಾರೆ? ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಪರೀಕ್ಷೆ ಮಾಡಿದೆ. ಬಸದಿಯ ಒಳಗೆ ಏನಿತ್ತು ಅಂದೆ. "ಕಂಬ." ಮಸೀದಿಯ ಒಳಗೆ? "ಅಲ್ಲೂ ಕಂಬ." ಆದರೆ ಬಾಗಿಲಲ್ಲಿ ಚಪ್ಪಲಿ ಕಾಯುವವನು ಕುಂಟನೋ ಕುರುಡನೋ, ಎಷ್ಟು ಹೊತ್ತಿಗೆ ಎದ್ದು ಚಹಾಕ್ಕೆ ಹೋಗುತ್ತಾನೆ, ಅದನ್ನು ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಹೇಳಿದರು. ಒಳಗೆ ಕಾಲಿಟ್ಟೇ ಇಲ್ಲ ಈ ಮನುಷ್ಯ. ಹಾಗಾದರೆ ಬಾಗಿಲಲ್ಲಿ ನಿಂತು ಯಾರಿಗೆ ಕಾಯುತ್ತಿದ್ದಾರೆ?

ನನ್ನ ವಿಷಯ ಕೇಳಿದ್ದೆಯಲ್ಲ. ಕಂಕುಳ ಹತ್ತಿರ ಇದ್ದ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವರೇ ಹೋಗಿ ಡಾಕ್ಟರನ್ನು ಕಂಡು ಬಂದರು. ಕೊಬ್ಬಿನ ಗಂಟಂತೆ, ಏನೂ ಇಲ್ಲವಂತೆ. ಸುಮ್ಮನೆ ಹೆದರಿಸಿದರು. ಆಮೇಲೆ ನನ್ನ ಕಂದು ಚಪ್ಪಲಿ ಎಲ್ಲೋ ಹೋಗಿದೆ. ಜಗಲಿಯ ಮೇಲೆ ಬಿಟ್ಟದ್ದು ಬೆಳಿಗ್ಗೆ ಇರಲಿಲ್ಲ. ಹೆಬ್ಬಾಗಿಲು ಹಾಕಿದ ಮೇಲೆ ನಮ್ಮ ಪೋಳದ ಗಲ್ಲಿಗೆ ಹೊರಗಿನ ನಾಯಿ ಕೂಡ ಬರುವುದಿಲ್ಲ, ಯಾರು ಒಯ್ದರೋ.

ನಿನ್ನ ಮೋಟಿಬೇನ್,
ಸೂರ್ಯಬಾಲಾ


ಭಾವನಗರ
೩೦ ನವೆಂಬರ್ ೧೯೮೮

ಪ್ರೀತಿಯ ಮೋಟಿಬೇನ್,

ಕಾಗದ ಓದಿ ನಕ್ಕೆ. ನೀನು ಪೊಲೀಸ್ ಇಲಾಖೆಗೆ ಸೇರಬೇಕಾಗಿತ್ತು. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಯಾರು ಕೈ ಹಾಕಿದರು ಅಂತ ನಮ್ಮ ನಾಲಿಗೆ ಚಾಚಿಸಿ ನೋಡುತ್ತಿದ್ದವಳು ನೀನು.

ವಯಸ್ಸಾದ ಮೇಲೆ ಮನುಷ್ಯ ಬದಲಾಗಬಾರದೇ? ಮಿಲ್ಲೂ ಇಲ್ಲ, ಕೆಲಸವೂ ಇಲ್ಲ. ಗುಡಿ ಮಸೀದಿ ಸುತ್ತಿದರೆ ಸುತ್ತಲಿ ಬಿಡು. ಬೇರೆಯವರ ಗಂಡಂದಿರ ಹಾಗೆ ಜೂಜಿನ ಅಡ್ಡೆಗೆ ಹೋಗುತ್ತಿಲ್ಲವಲ್ಲ. ಅವರನ್ನು ಹೆಚ್ಚು ಕೆಣಕಬೇಡ, ಮನಸ್ಸು ಒಂದು ರೀತಿ ಇರುತ್ತದೆ.

ನೀನು ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಎಡಗೈಯಲ್ಲಿ ನೀರಿನ ಕೊಡ ಎತ್ತಬೇಡ, ನೆಲದಡಿಯ ತೊಟ್ಟಿಯಿಂದ ನೀರು ಸೇದುವುದನ್ನೂ ಭಾವನಿಗೇ ಬಿಡು. ಚಳಿ ಬಿದ್ದಿದೆ, ಶಾಲು ಹೊದ್ದುಕೋ. ನಾನು ಸ್ವಲ್ಪ ದಿನ ಬಂದು ಇರಲೇ? ಅಂಗಡಿ ಇವರು ನೋಡಿಕೊಳ್ಳುತ್ತಾರೆ, ನನಗೆ ಇಲ್ಲಿ ಅಂಥ ಕೆಲಸವೇನೂ ಇಲ್ಲ.

ಗಾಂಠಿಯಾ ಈ ಸಲ ತಗಡಿನ ಡಬ್ಬಿಯಲ್ಲಿ ಕಳಿಸುತ್ತೇನೆ.

ನಿನ್ನ
ಕುಂದನ್


ಅಮದಾವಾದ
೬ ಡಿಸೆಂಬರ್ ೧೯೮೮

ಕುಂದನ್,

ನೀನು ಬರುವುದು ಬೇಡ. ಯಾಕೆಂದು ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಇಲ್ಲಿಯ ಕಥೆ ಕೇಳು.

ನನ್ನ ಹಸಿರು ಪಟ್ಟಿಯ ಚಪ್ಪಲಿಯೂ ಕಾಣೆಯಾಗಿದೆ. ಅದು ಹೋದ ಮಾರನೆಯ ದಿನವೇ ನಿನ್ನ ಭಾವ ಒಂದು ಹೊಸ ಜೋಡಿ ತಂದರು. ಕೆಂಪು ಮಖಮಲ್ಲಿನ ಪಟ್ಟಿ, ಮೆತ್ತಗಿನ ಅಟ್ಟೆ. ಮದುವೆ ಆದಾಗಿನಿಂದ ನನಗೆ ಒಂದು ರವಿಕೆ ಬಟ್ಟೆ ಕೂಡ ತಂದು ಗೊತ್ತಿಲ್ಲದ ಮನುಷ್ಯ! ಹಾಕಿ ನೋಡಿದರೆ ನನ್ನ ಕಾಲಿಗೆ ಅಳತೆ ತೆಗೆದ ಹಾಗಿದೆ. ನನ್ನ ಕಾಲಿನ ಅಳತೆ ಇವರಿಗೆ ಹೇಗೆ ಗೊತ್ತು ಕುಂದನ್? ಇವರಿಗೆ ತಮ್ಮ ಅಂಗಿಯ ಅಳತೆಯೇ ಗೊತ್ತಿಲ್ಲ. ಬೇರೆ ಯಾವಳಿಗೋ ತಂದದ್ದು, ಅವಳಿಗೆ ಬಿಗಿಯಾಗಿ ನನ್ನ ಪಾಲಿಗೆ ಬಂತು ಅಂತ ಅಂದುಕೊಂಡೆ. ಆ ಜೋಡಿಯನ್ನು ಕಾಗದದಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದಿದ್ದೇನೆ.

ಭಾನುವಾರ ಮೇಲುಮನೆಯ ಜಶೋದಾಬೇನ್ ಬಂದಳು. ಚಹಾ ಅರ್ಧ ಕುಡಿದು ಬಟ್ಟಲು ಕೆಳಗಿಟ್ಟಳು. ಅವಳು ಬಟ್ಟಲು ಕೆಳಗಿಟ್ಟರೆ ಯಾರದೋ ಮನೆ ಮುರಿಯಿತು ಅಂತಲೇ ಅರ್ಥ.

"ಸೂರ್ಯಾಬೇನ್, ತಪ್ಪು ತಿಳ್ಕೋಬೇಡ. ನಿನ್ನೆ ಕಾಲುಪುರದಲ್ಲಿ ನಿಮ್ಮವರನ್ನ ನೋಡ್ದೆ."

"ನೋಡಿದ್ರೆ ನೋಡು. ಈಗ ಅವರು ದೊಡ್ಡ ಭಕ್ತರು."

"ನಮ್ಮ ಕಡೆ ಬಾಗಿಲಲ್ಲಿ ಕಣೇ. ಹೆಂಗಸರ ಮಂದಿರದ ಬಾಗಿಲಲ್ಲಿ."

ಆ ಬಾಗಿಲು ನಿನಗೆ ಗೊತ್ತಲ್ಲ. ಗಂಡುಮಗು ಕೂಡ ಅಲ್ಲಿ ದಾಟುವ ಹಾಗಿಲ್ಲ. ಇವರು ಅಲ್ಲಿ ನಿಂತಿದ್ದರಂತೆ. ಕೈಯಲ್ಲಿ ಹೆಂಗಸರ ಚಪ್ಪಲಿ. ಬಗ್ಗಿ ಮೆಲ್ಲಗೆ ಗೋಡೆಯ ಪಕ್ಕ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಒಳಗಿನಿಂದ ಬರುವವರ ಮುಖ ನೋಡುತ್ತ ನಿಂತರಂತೆ. ಅಲ್ಲಿಯ ಬಿಳಿಸೀರೆಯ ಸಾಧ್ವಿ ಒಬ್ಬಳು ಹೊರಗೆ ಬಂದು, "ಏ ಭಾಯ್, ನಾಚಿಕೆ ಆಗಲ್ವಾ? ತಗೊಂಡು ನಡೀರಿ!" ಎಂದು ಗದರಿದಳಂತೆ. ಚಪ್ಪಲಿ ಎದೆಗವುಚಿಕೊಂಡು ಓಡಿದರಂತೆ ನಿನ್ನ ಭಾವ. ಜಶೋದಾಬೇನ್ ಇದನ್ನು ಹೇಳುವಾಗ ಅವಳ ಮುಖದ ಸಂತೋಷ ನೋಡಬೇಕಿತ್ತು.

ಸಾಯಂಕಾಲ ಕೇಳಿದೆ. ಯಾರೋ ಮುದುಕಿಯ ಚಪ್ಪಲಿ ದಾರಿಯಲ್ಲಿ ಬಿದ್ದಿತ್ತಂತೆ, ಕೊಡಲು ಹೋದರಂತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಇನ್ನೊಂದು ಸಂಗತಿ ಗಮನಿಸಿದ್ದೇನೆ. ಬೇರೆ ದಿನ ಹೋದರೂ ಹೋಗದಿದ್ದರೂ ಶನಿವಾರ ಮಾತ್ರ ತಪ್ಪಿಸುವುದಿಲ್ಲ. ಶನಿವಾರ ಅರ್ಧ ದಿನ ರಜೆ ಇರುವವಳು ಯಾರು? ಟೀಚರಮ್ಮನೋ, ಬ್ಯಾಂಕಿನವಳೋ? ಮಕ್ಕಳಿಲ್ಲದ ಮನೆ ನಮ್ಮದು. ನನಗೆ ಇವರು, ಇವರಿಗೆ ನಾನು, ಅಷ್ಟೇ ಇದ್ದದ್ದು. ಈಗ ಅದೂ ಕೈಬಿಟ್ಟು ಹೋಗುತ್ತಿದೆ.

ಇನ್ನು ನಿನ್ನ ವಿಷಯ. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಎಡಗೈಯಲ್ಲಿ ಕೊಡ ಎತ್ತಬೇಡ ಅಂತ ಬರೆದಿದ್ದೀಯ. ಗಂಟು ಯಾವ ಕಡೆ ಇದೆ ಅಂತ ನಾನು ನಿನಗೆ ಬರೆದೇ ಇಲ್ಲ. ನಿನಗೆ ಯಾರು ಹೇಳಿದರು? ನನ್ನ ಮೈಯ ವಿಷಯ ಬಲ್ಲವರು ಲೋಕದಲ್ಲಿ ನಾನು, ಡಾಕ್ಟರು, ನಿನ್ನ ಭಾವ. ನಿಮ್ಮಿಬ್ಬರ ನಡುವೆ ನನಗೆ ಗೊತ್ತಿಲ್ಲದೆ ಮಾತುಕತೆ ನಡೆದಿದೆ. ಹೋದ ತಿಂಗಳು ಮಿಲ್ಲಿನ ಬಾಕಿ ವಿಚಾರಕ್ಕೆ ನಡಿಯಾದ್‌ಗೆ ಹೋಗುತ್ತೇನೆಂದು ಹೇಳಿ ಒಂದು ರಾತ್ರಿ ಹೊರಗಿದ್ದರು. ನಡಿಯಾದ್‌ಗೆ ಹೋದವರು ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಆ ರಾತ್ರಿ ಎಲ್ಲಿ ಮಲಗಿದ್ದರು?

ಇವರು ಹೆಣ್ಣು ನೋಡಲು ಬಂದಾಗ ಚಹಾ ತಂದವಳು ನೀನು. ಇವರು ನಿನ್ನನ್ನೇ ಹುಡುಗಿ ಅಂದುಕೊಂಡಿದ್ದರು. ಆಮೇಲೆ ನಮ್ಮ ಬಾಪೂಜಿ ನನ್ನನ್ನು ತೋರಿಸಿದಾಗ ಇವರ ಮುಖ ಹೇಗೆ ಇಳಿಯಿತು ಅಂತ ನೀನು ಮರೆತಿರಬಹುದು, ನಾನು ಮರೆತಿಲ್ಲ. ಇಷ್ಟು ವರ್ಷ ಅದನ್ನು ಹೇಳಿ ನಗುತ್ತಿದ್ದೆವು. ಇವತ್ತು ನನಗೆ ನಗು ಬರುತ್ತಿಲ್ಲ.

ಸೂರ್ಯಬಾಲಾ


ಭಾವನಗರ
೧೨ ಡಿಸೆಂಬರ್ ೧೯೮೮

ಮೋಟಿಬೇನ್,

ಇಂಥ ಮಾತು ಬರೆಯಲು ನಿನಗೆ ಕೈ ಹೇಗೆ ಬಂತು? ನಾನು ಹಗಲೆಲ್ಲ ಅತ್ತೆ. ಇವರು ಅಂಗಡಿಯಿಂದ ಬಂದು ಏನಾಯಿತು ಅಂತ ಕೇಳಿದರು, ಈರುಳ್ಳಿ ಅಂದೆ.

ಭಾವ ನನಗೆ ಅಣ್ಣನ ಹಾಗೆ. ಇದನ್ನು ಬರೆದು ತಿಳಿಸಬೇಕಾಗಿ ಬಂದದ್ದೇ ನನಗೆ ಅವಮಾನ. ಅವರು ಒಂದು ರಾತ್ರಿ ನಮ್ಮ ಮನೆಗೆ ಬಂದದ್ದು ನಿಜ. ಯಾಕೆ ಬಂದರು, ಏನು ಹೇಳಿದರು ಅಂತ ಕೇಳಬೇಡ. ದೀಪದ ಮುಂದೆ ಆಣೆ ಹಾಕಿಸಿದ್ದಾರೆ. ಆಣೆ ಯಾರ ಮೇಲೆ ಅಂತ ಹೇಳಿದರೆ ನೀನೇ ನನ್ನ ಬಾಯಿ ಮುಚ್ಚುತ್ತೀಯ. ಚಪ್ಪಲಿಯ ವಿಷಯಕ್ಕೆ ಅವರನ್ನು ಬೈಯಬೇಡ, ಬೈಯುವುದಾದರೆ ನನ್ನನ್ನು ಬೈ. ಅಷ್ಟು ಮಾತ್ರ ಬರೆಯಬಲ್ಲೆ.

ನಮ್ಮ ಬಾ ಬದುಕಿದ್ದಿದ್ದರೆ ಇದನ್ನೆಲ್ಲ ಜಗಲಿಯ ಮೇಲೆ ಕೂತಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದಳು. ನಮ್ಮಮ್ಮನ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ.

ಕುಂದನ್


ಭಾವನಗರ
೨೬ ಡಿಸೆಂಬರ್ ೧೯೮೮

ಮೋಟಿಬೇನ್,

ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನು ನಮ್ಮ ಬೀದಿಗೆ ಬರುವಾಗಲೇ ಇವತ್ತೂ ಇಲ್ಲ ಅಂತ ಕೈ ಆಡಿಸುತ್ತಾನೆ. ಬೈದು ಬರೆ, ಆದರೆ ಬರೆ. ಊಟ ಮಾಡುತ್ತಿದ್ದೀಯಾ? ಜ್ವರ ಗಿರ ಬಂದಿಲ್ಲ ತಾನೆ?

ಕುಂದನ್


ಅಮದಾವಾದ
೨ ಜನವರಿ ೧೯೮೯

ಕುಂದನ್,

ಕೂತು ಓದು.

ಮೊನ್ನೆ ಶನಿವಾರ ನಾನು ಇವರ ಹಿಂದೆ ಹೋದೆ. ಪೋಳದ ಹಿಂಬಾಗಿಲಿನಿಂದ ಹೊರಬಿದ್ದು, ಸೆರಗು ಹಣೆಯ ತನಕ ಎಳೆದುಕೊಂಡು, ಜಶೋದಾಬೇನಳ ಚಪ್ಪಲಿ ಮೆಟ್ಟಿಕೊಂಡು. ನನ್ನದು ಅಂತ ಮನೆಯಲ್ಲಿ ಆ ಕೆಂಪು ಮಖಮಲ್ಲು ಬಿಟ್ಟರೆ ಬೇರೆ ಇರಲಿಲ್ಲ, ಅದನ್ನು ಕಾಲಿಗೆ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದೆ. ಅವಳನ್ನು ಕಂಡೇ ಬಿಡುತ್ತೇನೆ, ಎಳೆದು ತಂದು ಇವರ ಮುಂದೆ ನಿಲ್ಲಿಸುತ್ತೇನೆ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಇವರು ಮಾಣೇಕ ಚೌಕ ದಾಟಿದರು. ರಾಣಿಯರ ಗೋರಿಯ ಸುತ್ತ ಚಣಿಯಾ ಚೋಳಿ ಲಂಗಗಳನ್ನು ಮಾರುತ್ತಾರಲ್ಲ, ಅಲ್ಲಿ ನಿಲ್ಲಬಹುದು ಅಂದುಕೊಂಡೆ. ನಿಲ್ಲಲಿಲ್ಲ. ಆಚೆ ಸಣ್ಣ ಗಲ್ಲಿಗೆ ತಿರುಗಿದರು. ಅಲ್ಲಿ ಒಂದು ಹಳೆಯ ಕಲ್ಲಿನ ಮಸೀದಿ ಇದೆ, ಚಿಕ್ಕದು, ಅಂಗಳದಲ್ಲಿ ಬೇವಿನ ಮರ. ಆ ಗಲ್ಲಿಗೆ ನಾನು ಯಾವತ್ತೂ ಹೋದವಳಲ್ಲ. ಎಂಬತ್ತೈದರ ಕೋಮು ಗಲಾಟೆ, ಕರ್ಫ್ಯೂ ಆದ ಮೇಲೆ ಆ ಕಡೆ ನೋಡಲೂ ಹೆದರಿಕೆ. ಇವರು ಮೆಟ್ಟಿಲ ಬಳಿ ಆಚೀಚೆ ನೋಡಿ, ಹೆಗಲಿನ ಚೀಲವನ್ನು ಗೋಡೆಯ ಮೂಲೆಗೆ ಇಟ್ಟು, ಏನೂ ಆಗದವರ ಹಾಗೆ ಬೇಗ ಬೇಗ ಹೊರಟರು.

"ಪಕಡೋ!" ಅಂತ ಒಳಗಿನಿಂದ ಯಾರೋ ಕೂಗಿದರು.

ಗಳಿಗೆಯಲ್ಲಿ ಜನ ಸೇರಿತು. ಮಸೀದಿ ನೋಡಿಕೊಳ್ಳುವ ರಸೂಲಮಿಯಾ ಎಂಬ ಮುದುಕ ಇವರ ಕಾಲರ್ ಹಿಡಿದಿದ್ದ. ತೆಳ್ಳಗಿನ ಮನುಷ್ಯ, ಆದರೆ ಹಿಡಿತ ಬಿಗಿ.

"ಮೂರ್ನಾಲ್ಕು ವಾರದಿಂದ ನೋಡ್ತಾ ಇದ್ದೀನಿ ನಿನ್ನ! ನಮಾಜಿಗೆ ಬರಲ್ಲ, ಕೆತ್ತನೆ ನೋಡಲ್ಲ, ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತೀಯ. ಚೀಲದಲ್ಲಿ ಏನಿದೆ?"

"ಏನಿಲ್ಲ ಭಾಯ್, ಬಿಡಿ..."

"ಏನಿಲ್ಲದ ಚೀಲ ಬಿಟ್ಟು ಯಾಕೆ ಓಡ್ತಿದ್ದೆ? ಚೀಲ ಮುಟ್ಟಬೇಡ್ರೋ ಯಾರೂ! ಬಾಂಬು ಗೀಂಬು ಇದ್ದೀತು. ಪೊಲೀಸ್ ಚೌಕಿಗೆ ಹೇಳಿ ಕಳಿಸಿ!"

ಜನ ಹಿಂದೆ ಸರಿದರು. ಒಬ್ಬ ಕೈ ಎತ್ತಿದ. ಆಗ ಆ ಸವತಿಯೂ ಬೇಡ, ನನ್ನ ಸಿಟ್ಟೂ ಬೇಡ, ಎಲ್ಲ ಮರೆತುಹೋಯಿತು ಕುಂದನ್. ಸೆರಗು ಸರಿಸಿ ನುಗ್ಗಿದೆ. "ಅವರು ನನ್ನ ಯಜಮಾನರು! ಹೊಡೀಬೇಡಿ!" ಅಂತ ಕಿರುಚಿದೆ. ಇವರು ನನ್ನನ್ನು ನೋಡಿದರು. ಕಾಲರ್ ಹಿಡಿದಾಗ ಹೆದರದ ಮುಖ ನನ್ನನ್ನು ಕಂಡು ಬಿಳಿಚಿಕೊಂಡಿತು.

"ನಿಮ್ಮವರಾ? ಹಾಗಾದ್ರೆ ನೀವೇ ಚೀಲ ತೆಗೀರಿ ಬೆಹೆನ್," ಅಂದ ರಸೂಲಮಿಯಾ.

ತೆಗೆದೆ. ಒಳಗೆ ನನ್ನ ಹಸಿರು ಪಟ್ಟಿಯ ಚಪ್ಪಲಿ. ಬೇರೆ ಏನೂ ಇರಲಿಲ್ಲ.

ರಸೂಲಮಿಯಾ ಕಾಲರ್ ಬಿಟ್ಟ. ಅವನ ಮುಖದಲ್ಲಿ ಮೊದಲು ಸಮಾಧಾನ, ಆಮೇಲೆ ಬೇರೆ ತರಹದ ಸಿಟ್ಟು. "ಓ, ಇದೂ ನಿನ್ನ ಕೆಲಸವೇನಾ!" ಎಂದು ಒಳಗೆ ಹೋಗಿ ಒಂದು ಕಪಾಟು ತೆಗೆದ. ಮರೆತು ಬಿಟ್ಟುಹೋದ ಕೊಡೆ, ಕೋಲು, ಟೋಪಿ ಎಲ್ಲ ಅಲ್ಲಿದ್ದವು. ಅವುಗಳ ನಡುವಿನಿಂದ ನನ್ನ ಕಂದು ಚಪ್ಪಲಿ ಹೊರಬಂತು, ಧೂಳು ಒರೆಸಿ, ಜೋಡಿ ಕಟ್ಟಿ ಇಟ್ಟಿದ್ದು.

"ಯಾವ ಬೆಹೆನ್‌ದೋ ಏನೋ, ಬರಿಗಾಲಲ್ಲಿ ಮನೆಗೆ ಹೋದ್ಲಲ್ಲ ಅಂತ ಅವತ್ತಿಂದ ಕಾಯ್ತಾ ಇದ್ದೀನಿ. ನಾನು ಈ ಬಾಗಿಲಿಗೆ ಬಂದ ಮೇಲೆ ಇಲ್ಲಿ ಒಂದು ಚಪ್ಪಲಿ ಕಳುವಾಗಿಲ್ಲ, ತಿಳ್ಕೊಳ್ಳಿ!"

ಆ ಮಾತು ಕೇಳಿ ನಿನ್ನ ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು. "ಅದೇ ನನ್ನ ಕರ್ಮ," ಅಂದರು.

ಆಗ ನನಗೆ ಬಾ ನೆನಪಾದಳು. ನೀನು ಮೆಟ್ರಿಕ್‌ನಲ್ಲಿ ಎರಡನೆಯ ಸಲ ನಪಾಸಾದಾಗ ಅವಳು ಶನಿವಾರ ನಿನ್ನನ್ನು ಭದ್ರಕಾಳಿ ಗುಡಿಗೆ ಕರೆದುಕೊಂಡು ಹೋಗಿದ್ದಳು. ಹಳೆಯ ಚಪ್ಪಲಿ ಹಾಕಿಸಿ ಕರೆದುಕೊಂಡು ಹೋಗಿ, ಬಾಗಿಲಲ್ಲಿ ಬಿಡಿಸಿ, ಯಾರೋ ಕದ್ದುಕೊಂಡು ಹೋದ ಮೇಲೆ ಬರಿಗಾಲಲ್ಲಿ ನಗುನಗುತ್ತ ಕರೆತಂದಿದ್ದಳು. ಶನಿಯ ಕಾಟ ಚಪ್ಪಲಿಯ ಜೊತೆ ಹೊರಟುಹೋಯಿತು, ಪನೋತಿ ಕಳೆಯಿತು ಅಂತ ಪೋಳದಲ್ಲೆಲ್ಲ ಬೆಲ್ಲ ಹಂಚಿದ್ದಳು.

ಆದರೆ ಈ ಚಪ್ಪಲಿ ನನ್ನದು. ಎರಡು ಜೋಡಿಯೂ ನನ್ನದೇ. ಹಾಗಾದರೆ ಪನೋತಿ ಯಾರದ್ದು?

"ಕೊಬ್ಬಿನ ಗಂಟು ಅಂದ್ರಲ್ಲ," ಅಂದೆ.

ರಸೂಲಮಿಯಾ ಒಮ್ಮೆ ನನ್ನ ಮುಖ, ಒಮ್ಮೆ ಇವರ ಮುಖ ನೋಡಿ ಜನರನ್ನು ಗದರಿಸಿ ಕಳಿಸಿದ. ಲೋಟದಲ್ಲಿ ನೀರು ತಂದಿಟ್ಟು ಬೇವಿನ ಮರದ ಆಚೆ ಹೋಗಿ ಕಸ ಗುಡಿಸತೊಡಗಿದ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತ.

"ಹೇಳ್ರೀ. ಏನಂದ್ರು ಡಾಕ್ಟ್ರು?"

"ಕೆಟ್ಟ ಗಂಟಂತೆ. ಕೊಯ್ದು ತೆಗೀಬೇಕಂತೆ. ಉತ್ತರಾಯಣದ ಹಬ್ಬ ಕಳೆದ ಮೇಲೆ ಹಾಸಿಗೆ ಖಾಲಿ ಆಗುತ್ತಂತೆ," ಅಂದರು. ಎಲ್ಲ 'ಅಂತೆ'. ಆಮೇಲೆ ಸಣ್ಣ ಮಗುವಿನ ಹಾಗೆ ದೂರು ಹೇಳಿದರು. "ಈ ಊರಲ್ಲಿ ನನ್ನ ಸೈಕಲ್ ಎಷ್ಟು ಸಲ ಕಳುವಾಗಿದೆ ಸೂರಿ. ನಿನ್ನ ಚಪ್ಪಲಿ ಒಬ್ಬ ನನ್ಮಗನೂ ಮುಟ್ಟಲಿಲ್ಲ. ಬಸದೀಲಿ ಬಿಟ್ರೆ ಕಾವಲಿನವನು ಓಡಿ ಬಂದು ಕೊಟ್ಟ. ಗುಡೀಲಿ ಬಿಟ್ರೆ ನಿನ್ನ ಗೆಳತಿಯರು ಗುರುತು ಹಿಡೀತಾರೆ. ಅದಕ್ಕೇ ಮಸೀದಿಗಳಿಗೆ ಬಂದೆ. ಕಂದು ಜೋಡಿ ಕದ್ರೋ ಎತ್ತಿಟ್ರೋ ಅಂತ ಅನುಮಾನ ಬಂದು ಹಸಿರನ್ನೂ ತಂದೆ. ಇಲ್ಲಿ ನೋಡಿದ್ರೆ ಈ ಮಹಾನುಭಾವ ಒರೆಸಿ ಇಟ್ಟಿದ್ದಾನೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಳು ನಿಂತ ಮೇಲೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ. ನನ್ನ ಮೈಯ ಸುದ್ದಿ ನಿಮ್ಮಿಬ್ಬರಿಗೂ ಗೊತ್ತಿತ್ತು, ನನಗೊಬ್ಬಳಿಗೇ ಇಲ್ಲ. ನನಗೆ ಹೆದರಿಕೆ ಆಗುತ್ತಿದೆ ಕುಂದನ್. ಇಷ್ಟು ದಿನ ಇಲ್ಲದ ಹೆಂಗಸಿನ ಮೇಲೆ ಅನುಮಾನ ಪಟ್ಟೆ. ಈಗ ಎಲ್ಲದರ ಮೇಲೂ ಅನುಮಾನ. ಡಾಕ್ಟರು ಹೇಳಿದ್ದರಲ್ಲಿ ಇವರು ಇನ್ನೂ ಏನನ್ನು ಮುಚ್ಚಿಟ್ಟಿದ್ದಾರೆ? ನಿನ್ನ ಭಾವ ನಿನಗೆ ಹೇಳಿ ನನಗೆ ಹೇಳದ ಮಾತು ಇನ್ನೂ ಇದೆಯೇ? ಇದ್ದರೆ ಈಗ ಬರೆ.

ಸೂರ್ಯಬಾಲಾ


ಭಾವನಗರ
೬ ಜನವರಿ ೧೯೮೯

ನನ್ನ ಮೋಟಿಬೇನ್,

ಇನ್ನು ಏನೂ ಬಾಕಿ ಇಲ್ಲ. ನಿನಗೆ ಗೊತ್ತಾದಷ್ಟೇ ನನಗೂ ಗೊತ್ತು. ಬೇಗ ತೆಗೆದರೆ ಗುಣವಾಗಬಹುದು ಅಂತ ಡಾಕ್ಟರು ಹೇಳಿದ್ದಾರಂತೆ, ಆಗಬಹುದು ಅಂತ, ಆಗುತ್ತದೆ ಅಂತಲ್ಲ. ನಾನು ಒಂದು ಅಕ್ಷರ ಸೇರಿಸಿಯೂ ಇಲ್ಲ, ಬಿಟ್ಟೂ ಇಲ್ಲ, ನಿನ್ನ ಮೇಲಾಣೆ. ಆಣೆ ಹಾಕಿಸಿದ್ದೂ ನಿನ್ನ ಮೇಲೆಯೇ.

ಆ ರಾತ್ರಿ ಭಾವ ಬಂದು ನಮ್ಮ ಉಯ್ಯಾಲೆಯ ಮೇಲೆ ಕೂತರು. ಕಾಲು ನೆಲಕ್ಕೆ ಊರಿ, ಉಯ್ಯಾಲೆ ಅಲ್ಲಾಡದ ಹಾಗೆ ಕೂತರು. ಅವಳಿಗೆ ಹೇಳಿದರೆ ಆಸ್ಪತ್ರೆಗೆ ಹೋಗುವ ಮೊದಲೇ ಸಾಯುತ್ತಾಳೆ ಅಂದರು. ಏನಾದರೂ ಮಾಡು, ಏನಾದರೂ ಹೇಳು ಅಂದರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ನೋಡಿರಲಿಲ್ಲ. ನನಗೆ ಏನು ಗೊತ್ತು ಮೋಟಿಬೇನ್? ಬಾಯಿಗೆ ಬಂದದ್ದು ಬಾ ಮಾಡಿದ ಚಪ್ಪಲಿಯ ಕಥೆ. ಸುಮ್ಮನಿರಲಾರದೆ ಹೇಳಿದೆ. ಭಾವ ನಗುತ್ತಾರೆ ಅಂದುಕೊಂಡೆ. ಅವರು ನಗಲಿಲ್ಲ, ಶನಿವಾರವೇ ಆಗಬೇಕಾ ಅಂತ ಕೇಳಿದರು.

ಭಾವನಿಗೆ ಒಂದು ಮಾತು ಹೇಳುವುದನ್ನು ಮರೆತೆ. ಚಪ್ಪಲಿಯನ್ನು ಚೀಲದಲ್ಲಿ ಒಯ್ದರೆ ಆಗುವುದಿಲ್ಲ. ಪನೋತಿ ಇದ್ದವರೇ ಮೆಟ್ಟಿಕೊಂಡು ನಡೆದು ಹೋಗಿ ಬಿಡಬೇಕು. ಬಾ ನನ್ನನ್ನು ನಡೆಸಿಕೊಂಡು ಹೋಗಿದ್ದಳಲ್ಲ. ನಾವು ಹುಟ್ಟಿನಿಂದ ಬಲ್ಲೆವು. ಬೀಡಿ ಹಚ್ಚಿಕೊಂಡು ಹೊರಗೆ ನಿಂತವರಿಗೆ ಅದು ಹೇಗೆ ಗೊತ್ತಿರಬೇಕು? ಪಾಪ, ಊರೆಲ್ಲ ಹೊತ್ತು ತಿರುಗಿದರು.

ಬಾ ಮಾಡಿದ್ದು ನಿಜಕ್ಕೂ ಫಲಿಸಿತೋ, ಮೂರನೆಯ ಸಲ ನಾನು ಓದಿ ಪಾಸಾದೆನೋ, ನನಗೆ ಗೊತ್ತಿಲ್ಲ. ನಿನಗೆ ಹೇಳದೆ ಇದ್ದದ್ದಕ್ಕೆ ನೀನು ಎಷ್ಟು ಬೈದರೂ ಕೇಳುತ್ತೇನೆ. ಹಬ್ಬ ಮುಗಿದ ಮೇಲೆ ಸೋಮವಾರ ರಾತ್ರಿಯ ಗಾಡಿಗೆ ಹೊರಡುತ್ತೇನೆ. ಈ ಸಲ ಬೇಡ ಅನ್ನಬೇಡ.

ಕುಂದನ್


ಅಮದಾವಾದ
೧೫ ಜನವರಿ ೧೯೮೯

ಪ್ರೀತಿಯ ಕುಂದನ್,

ಈ ಕಾಗದ ನಿನ್ನ ಕೈಗೆ ಬರುವ ಮೊದಲೇ ನೀನು ಹೊರಟಿರಬಹುದು. ಆದರೂ ಬರೆಯುತ್ತೇನೆ. ಎದುರಿಗೆ ಕೂತರೆ ನಾನು ಬೈಯುವುದರಲ್ಲೇ ಹೊತ್ತು ಕಳೆಯುತ್ತೇನೆ.

ನಿನ್ನೆ ಉತ್ತರಾಯಣ. ಅದೂ ಶನಿವಾರವೇ ಬಿತ್ತು. ಊರೆಲ್ಲ ಗಾಳಿಪಟ ಹಿಡಿದು ಮಾಳಿಗೆಯ ಮೇಲೆ, ಕೆಳಗೆ ಬೀದಿಗಳು ಖಾಲಿ. ಜಶೋದಾಬೇನ್ ಮೇಲಿನಿಂದ ಊಂಧಿಯು ತಿನ್ನಲು ಕರೆಯುತ್ತಿದ್ದಳು. ನಾನು ಕಂದು ಚಪ್ಪಲಿ ಕಾಲಿಗೆ ಹಾಕಿಕೊಂಡೆ.

"ಏಳ್ರೀ. ನೀವು ನೋಡಿದ ಗುಡಿ ಮಸೀದಿಗಳನ್ನೆಲ್ಲ ನನಗೂ ತೋರಿಸಿ," ಅಂದೆ.

"ಈಗ ನಂಬಿಕೆ ಬಂತಾ ನಿನಗೆ?"

"ನನಗೆ ಹುಟ್ಟಿದಾಗಿನಿಂದ ಇದೆ. ನೀವು ಈಗ ಕಲೀತಾ ಇದ್ದೀರಿ, ಅದಕ್ಕೇ ತಪ್ಪಾಗಿ ಮಾಡಿದ್ರಿ."

ಮೊದಲು ಭದ್ರಕಾಳಿ. ನಿನ್ನ ಭಾವ ಮೊದಲ ಸಲ ನನ್ನ ಜೊತೆ ಒಳಗೆ ಬಂದರು. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಎರಡು ಕೈಗಳನ್ನೂ ಹಿಂದೆ ಕಟ್ಟಿಕೊಂಡು ನಿಂತರು. ಹೊರಗೆ ಬಂದರೆ ಚಪ್ಪಲಿ ಇಟ್ಟಲ್ಲೇ ಇತ್ತು. ಆಮೇಲೆ ಜಾಮಾ ಮಸೀದಿ. ಇಷ್ಟು ವರ್ಷ ಪಕ್ಕದಲ್ಲಿ ತರಕಾರಿ ಕೊಂಡಿದ್ದೇನೆ, ಆ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಕಂಬದ ಮೇಲೆ ಸರಪಳಿಯಲ್ಲಿ ತೂಗುವ ಗಂಟೆ ಕೆತ್ತಿದ್ದಾರೆ, ನಮ್ಮ ಗುಡಿಯಲ್ಲಿ ಇರುವಂಥದ್ದೇ. ಅಯ್ಯೋ, ಇವರು ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಬರೀ ಕಂಬ! ಕಾಡಿನ ಹಾಗೆ ಕಂಬ. ನಾನು ನೋಡುತ್ತ ನಿಂತೆ. ಬುಧವಾರ ಆಸ್ಪತ್ರೆಗೆ ಸೇರಬೇಕು, ಇದನ್ನೆಲ್ಲ ಮತ್ತೆ ನೋಡುತ್ತೇನೋ ಇಲ್ಲವೋ ಅನ್ನಿಸಿತು. ಹೊರಗೆ ಬಂದರೆ ಚಪ್ಪಲಿ ಅಲ್ಲೇ ಇತ್ತು. ರಾಣಿ ಸಿಪ್ರಿಯ ಮಸೀದಿಗೆ ಹೋದೆವು. ಅಲ್ಲೂ ಹಾಗೆಯೇ. ಹಬ್ಬದ ದಿನ ಕಳ್ಳರೂ ಗಾಳಿಪಟ ಹಾರಿಸುತ್ತಿದ್ದರೋ ಏನೋ.

ಬಿಸಿಲೇರಿತು. ನನಗೆ ಸುಸ್ತಾಯಿತು. "ಸಾಕು ಮನೆಗೆ ಹೋಗೋಣ," ಅಂದರು ಇವರು, ಧ್ವನಿ ಇಳಿದಿತ್ತು. ನಾನು ಆ ಸಣ್ಣ ಗಲ್ಲಿಗೆ ತಿರುಗಿದೆ.

ರಸೂಲಮಿಯಾ ಬಾಗಿಲಲ್ಲೇ ಕೂತು ಎಳ್ಳಿನ ಚಿಕ್ಕಿ ತಿನ್ನುತ್ತಿದ್ದ. ನನ್ನನ್ನು ಕಂಡು ಎದ್ದ. ಇವರನ್ನು ಕಂಡು ಹುಬ್ಬು ಗಂಟಿಕ್ಕಿದ.

"ಚೀಲ ಇಲ್ವಲ್ಲ ಇವತ್ತು?"

"ಇಲ್ಲ ಭಾಯ್. ಇವತ್ತು ನಾನೇ ಹಾಕ್ಕೊಂಡು ಬಂದಿದ್ದೀನಿ," ಅಂದೆ. ಯಾಕೆ ಅಂತಲೂ ಹೇಳಿದೆ. ಬುಧವಾರದ ವಿಷಯವನ್ನೂ ಹೇಳಿದೆ. ನಿನ್ನನ್ನು ಇವರನ್ನು ಬಿಟ್ಟರೆ ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅವನೊಬ್ಬನಿಗೇ.

ಅವನು ಗಡ್ಡ ತುರಿಸಿಕೊಂಡ. "ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ ಬೆಹೆನ್. ಗುಣ 'ಅವನು' ಕೊಡಬೇಕು. ಚಪ್ಪಲಿಯಿಂದ ಏನಾಗುತ್ತೆ?"

"ನಮ್ಮಲ್ಲೂ ಅವನೇ ಕೊಡೋದು. ಆದ್ರೂ..."

"ಆದ್ರೂ," ಅಂದ ಅವನು. ಸ್ವಲ್ಪ ಹೊತ್ತು ನನ್ನ ಕಾಲನ್ನು ನೋಡಿದ. "ನನ್ನ ಬಾಗಿಲಲ್ಲಿ ಕಳುವಾಗಿಲ್ಲ ಅಂತ ನಿಮ್ಮ ಯಜಮಾನರಿಗೆ ಹೆಮ್ಮೆಯಿಂದ ಹೇಳಿದ್ದೆ." ಆಮೇಲೆ ತಲೆ ಎತ್ತಿ ಆಕಾಶ ನೋಡಿದ. "ಒಳಗೆ ಹೋಗಿ ಕೂತು ಬನ್ನಿ. ಹಬ್ಬದ ದಿನ, ನಾನು ಸ್ವಲ್ಪ ಗಾಳಿಪಟ ನೋಡ್ತೀನಿ."

ನಾವು ಒಳಗೆ ಹೋಗಿ ತಣ್ಣಗಿನ ಕಲ್ಲಿನ ಮೇಲೆ ಕೂತೆವು. ಗೋಡೆಯ ಗೂಡಿನಲ್ಲಿ ವಿಗ್ರಹವಿಲ್ಲ, ಒಂದು ಬಳ್ಳಿ ಕೆತ್ತಿದ್ದಾರೆ. ಹೊರಗೆ ಮಾಳಿಗೆಗಳ ಮೇಲೆ "ಕಾಪ್ಯೋ ಛೇ!" ಅಂತ ಕೂಗು, ಯಾರದೋ ಪಟ ಹರಿಯಿತು. ಇವರು ನನ್ನ ಕೈ ಹಿಡಿದುಕೊಂಡರು, ಎಡಗೈ. "ಅವತ್ತು ಚಹಾ ತಂದವಳನ್ನ ನೋಡಿ ತಪ್ಪು ತಿಳಿದದ್ದು ನಿಜ. ನಿನ್ನನ್ನ ನೋಡಿ ಮುಖ ಇಳೀಲಿಲ್ಲ ಸೂರಿ. ಹೆದರಿಕೆ ಆಗಿತ್ತು. ಈಗ ಆಗ್ತಿದೆಯಲ್ಲ, ಹಾಗೆ," ಅಂದರು. ಇಷ್ಟು ವರ್ಷ ಇದನ್ನು ಎಲ್ಲಿ ಇಟ್ಟುಕೊಂಡಿದ್ದರೋ.

ಹೊರಗೆ ಬಂದೆವು. ಮೆಟ್ಟಿಲ ಮೇಲೆ ಇವರ ಚಪ್ಪಲಿ ಮಾತ್ರ ಇತ್ತು. ನನ್ನದು ಇರಲಿಲ್ಲ.

ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ರಸೂಲಮಿಯಾ ಬೇವಿನ ಮರಕ್ಕೆ ಒರಗಿ, ಕತ್ತು ನೋಯುವಷ್ಟು ತಲೆ ಎತ್ತಿ ಆಕಾಶ ನೋಡುತ್ತಿದ್ದ. ಅವನು ನೋಡುತ್ತಿದ್ದ ಕಡೆ ಒಂದೂ ಪಟ ಇರಲಿಲ್ಲ. ಅವತ್ತು ಬೀಗವಿಲ್ಲದೆ ಇದ್ದ ಕಪಾಟಿಗೆ ನಿನ್ನೆ ಬೀಗ ಬಿದ್ದಿತ್ತು.

ಕುಂದನ್, ನಿನ್ನ ನಾಲಿಗೆ ಚಾಚಿಸಿ ಸಕ್ಕರೆ ಹುಡುಕಿದವಳು ನಾನು. ಆ ಬೀಗ ನೋಡಿದೆ, ಅವನ ಕತ್ತು ನೋಡಿದೆ. ಏನೂ ಕೇಳಲಿಲ್ಲ. ಇವರು ಬಾಯಿ ತೆರೆಯಲು ಹೋದರು, ಮೊಣಕೈಯಿಂದ ತಿವಿದೆ.

"ಬೆಹೆನ್, ನನ್ನ ಬಾಗಿಲಲ್ಲಿ ಮೊದಲ ಸಲ ಕಳುವಾಯ್ತು," ಅಂದ ಅವನು, ಆಕಾಶವನ್ನೇ ನೋಡುತ್ತ. ಅವನ ಕಣ್ಣು ಒದ್ದೆಯಾಗಿತ್ತು.

ಇವರು ತಮ್ಮ ಚಪ್ಪಲಿ ಕಳಚಿ ಕೊಟ್ಟರು. ನಾನು ಹಾಕಿಕೊಳ್ಳಲಿಲ್ಲ. ಇವರೂ ಮತ್ತೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ಬೀದಿಯ ತುಂಬ ಹರಿದ ಪಟಗಳ ದಾರ ಬಿದ್ದಿತ್ತು. ಇಬ್ಬರೂ ಬರಿಗಾಲಲ್ಲಿ, ದಾರ ಕಾಲಿಗೆ ಸುತ್ತಿಕೊಳ್ಳದ ಹಾಗೆ ಬಗ್ಗಿ ನೋಡುತ್ತ ಮನೆಗೆ ಬಂದೆವು. ಜಶೋದಾಬೇನ್ ಮಾಳಿಗೆಯಿಂದ ನೋಡಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಇವತ್ತು ಪೋಳದಲ್ಲಿ ಏನು ಕಥೆ ಹಬ್ಬಿದೆಯೋ.

ಅಟ್ಟದಿಂದ ಕೆಂಪು ಮಖಮಲ್ಲಿನ ಜೋಡಿ ಇಳಿಸಿದ್ದೇನೆ. ನನ್ನ ಹಳೆಯ ಜೋಡಿಯನ್ನು ಅಳತೆಗೆ ಒಯ್ದಿದ್ದರಂತೆ, ಅಷ್ಟೇ ವಿಷಯ. ಹಾಕಿ ನೋಡಿಲ್ಲ. ಆಸ್ಪತ್ರೆಯ ಚೀಲದಲ್ಲಿ ಇಟ್ಟಿದ್ದೇನೆ, ಮನೆಗೆ ನಡೆದು ಬರುವಾಗ ಹಾಕಿಕೊಳ್ಳಲು. ಅಲ್ಲಿ ವಾರ್ಡಿನ ಬಾಗಿಲಲ್ಲೇ ಚಪ್ಪಲಿ ಬಿಡಿಸುತ್ತಾರಂತೆ, ಕಳ್ಳರೂ ಜಾಸ್ತಿಯಂತೆ. ನಿನ್ನ ಭಾವನನ್ನು ನಂಬುವ ಹಾಗಿಲ್ಲ, ಚಪ್ಪಲಿ ಕಂಡರೆ ಎಲ್ಲಾದರೂ ಬಿಟ್ಟು ಬರುತ್ತಾರೆ. ನೀನು ಬಾ. ನಾನು ಹೊರಗೆ ಬರುವ ತನಕ ನೀನೇ ಅವುಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯಬೇಕು.

ನಿನ್ನ ಮೋಟಿಬೇನ್,
ಸೂರ್ಯಬಾಲಾ